ಮೊದಲ ಸಾಲಿನ ತಟ್ಟೆಗಳು

ಬೆಳಿಗ್ಗೆ ಐದಕ್ಕೆ ನನಗೆ ಎಚ್ಚರವಾಗುತ್ತದೆ. ಅಲಾರಂ ಇಟ್ಟುಕೊಂಡ ನೆನಪಿಲ್ಲ. ಐದೂವರೆಗೆ ಅಂಗಳ ಗುಡಿಸಿ ನೀರು ಹಾಕಿರುತ್ತೇನೆ. ಆರಕ್ಕೆ ಕಾಫಿ, ಏಳೂವರೆಗೆ ತಿಂಡಿ, ಎಂಟಕ್ಕೆ ಚೀಲ ಹೆಗಲಿಗೆ. ಚೀಲದಲ್ಲಿ ಮೂರು ಪೆನ್ನು, ಒಂದು ಅಡಿಕೋಲು, ನಾಲ್ಕು ಮಡಿಕೆ ಮಾಡಿದ ಬಿಳಿ ಬಟ್ಟೆ, ಒಂದು ಬಾಟಲಿ ಮಜ್ಜಿಗೆ. ಇವುಗಳ ಜಾಗ ಬದಲಾಗುವುದಿಲ್ಲ. ನಾನೀಗ ಇರುವುದು ಚಳ್ಳಕೆರೆಯಲ್ಲಿ, ನನ್ನ ತಂಗಿಯ ಮನೆಯಲ್ಲಿ. ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಅವಳು ಒಳಗಿಂದಲೇ ಕೂಗಿ ಕೇಳುತ್ತಾಳೆ:

“ಏನಕ್ಕಾ, ಗೆಡ್ಡೆಗಳಿಗೆ ಹಾಲು ಕುಡಿಸೋಕೆ ಹೊಂಟ್ಯಾ?”

“ಹಾಲಲ್ಲ ಕಣೇ, ಮೀಡಿಯಂ.”

“ಅದೇ. ಯಾರದೋ ತಲೆಯೊಳಗಿನ ಗೆಡ್ಡೆಗೆ ಬಾಣಂತನ ಮಾಡ್ತೀಯ. ನನ್ನ ಸೊಸೆಗೆ ಮಾಡು ಅಂದ್ರೆ ಸೊಂಟ ನೋವು ಅಂದಿದ್ದೆ.”

ಅವಳ ಮಾತಿನಲ್ಲಿ ತಪ್ಪೇನಿಲ್ಲ. ದೊಡ್ಡ ಊರಿನ ಒಂದು ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಮಾಡಿದ ಕೆಲಸ ಅದೇ, ಜೀವಕೋಶಗಳನ್ನು ಸಾಕುವುದು. ಯಾವುದೋ ಕಾಲದಲ್ಲಿ ಯಾರದೋ ಮಿದುಳಿನ ಗೆಡ್ಡೆಯಿಂದ ತೆಗೆದ ಚೂರು ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ, ಮೀಡಿಯಂ ಎಂಬ ಕೆಂಪು ದ್ರವದೊಳಗೆ, ಇವತ್ತಿಗೂ ಬೆಳೆಯುತ್ತಿರುತ್ತದೆ. ಅದು ಹೆಂಗಸಿನದೋ ಗಂಡಸಿನದೋ ಎಂದು ನಾನು ಎಂದೂ ಕೇಳಿದವಳಲ್ಲ. ಆ ಕೋಶಗಳಿಗೆ ನಮ್ಮ ಮೈಯಷ್ಟೇ ಬಿಸುಪು ಬೇಕು, ತೇವ ಬೇಕು, ಗಾಳಿಯಲ್ಲಿ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬೇಕು. ಇದನ್ನೆಲ್ಲ ಕೊಡುವ ಬಿಸಿ ಬೀರುವಿಗೆ ಇನ್‌ಕ್ಯುಬೇಟರ್ ಎನ್ನುತ್ತೇವೆ. ಎರಡು ಮೂರು ದಿನಕ್ಕೊಮ್ಮೆ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು. ಹಬ್ಬ, ಮದುವೆ, ಸಾವು ಯಾವುದೂ ಅವಕ್ಕೆ ಲೆಕ್ಕಕ್ಕಿಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ.

ಹೊತ್ತಿಗೆ ಸರಿಯಾಗಿ ಇರುವುದನ್ನು ನಾನು ಕಲಿತದ್ದು ಇದೇ ಊರಿನಲ್ಲಿ. ಅಪ್ಪ ಇಲ್ಲಿನ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಅರೆಯುವ ಯಂತ್ರದ ಮೇಸ್ತ್ರಿ. ಮಿಲ್ಲಿನ ಸೈರನ್ ಕೂಗಿದರೆ ನಮ್ಮ ಮನೆಯಲ್ಲಿ ಒಲೆ ಹತ್ತುತ್ತಿತ್ತು, ಮತ್ತೆ ಕೂಗಿದರೆ ಅವ್ವ ತಟ್ಟೆ ಹಾಕುತ್ತಿದ್ದಳು. ಊಟಕ್ಕೆ ಕೂತ ಅಪ್ಪನ ಅಂಗಿಯಿಂದ ಬಿಸಿ ಹಿಂಡಿಯ ವಾಸನೆ ಬರುತ್ತಿತ್ತು. ಆಮೇಲೆ ತರಬೇತಿಗೆ ಹೋದಾಗ ಹಾಸ್ಟೆಲ್ಲಿನಲ್ಲಿ ಗಂಟೆ. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ವಾರ್ಡನ್ ಅದನ್ನು ಕಿತ್ತು ಮತ್ತೆ ಹಾಸಿಸುತ್ತಿದ್ದರು. ಜೊತೆಯವರು ಅಳುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ನಿವೃತ್ತಿಯಾಗಿ ಬಂದ ಮೇಲೆ ಊರ ಹೊರಗಿನ ಹೊಸ ಕಟ್ಟಡವೊಂದರಲ್ಲಿ ಸಣ್ಣದೊಂದು ಲ್ಯಾಬ್ ಇರುವುದು ಗೊತ್ತಾಯಿತು. ಅಲ್ಲಿ ಒಬ್ಬ ಹುಡುಗಿ ಒಂಟಿಯಾಗಿ ಪಿಎಚ್‌ಡಿ ಕೆಲಸ ಮಾಡುತ್ತಿದ್ದಳು. ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಹತ್ತಿರದ ಹಳ್ಳಿಯವಳು, ಕುರಿ ಸಾಕುವವರ ಮನೆಯವಳು. ಅವಳ ಗೈಡ್ ಬೇರೆ ಊರಿನಲ್ಲಿದ್ದು ತಿಂಗಳಿಗೊಮ್ಮೆ ಬರುತ್ತಿದ್ದರು. ಕೋಶ ಸಾಕುವುದರಲ್ಲಿ ಪಳಗಿದವರು ಜೊತೆಗಿದ್ದರೆ ಒಳ್ಳೆಯದು ಎಂದು ಅವರೇ ನನಗೆ ಹೇಳಿಕಳಿಸಿದರು. ಮೊದಲು ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಒಂದು ತಿಂಗಳಲ್ಲೇ ಅದು ವಾರಕ್ಕೆ ಆರು ದಿನವಾಯಿತು.

ಹುಡುಗಿಯ ಪ್ರಶ್ನೆ ನನಗೆ ಹಿಡಿಸಿತು. ಮಿದುಳಿನ ಗೆಡ್ಡೆ ಬೇಗ ಬೇಗ ಬೆಳೆಯುತ್ತದೆ. ಅದರ ನಟ್ಟನಡುವಿನ ಕೋಶಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಊಟವಿಲ್ಲ, ಉಸಿರಿಗೆ ಗಾಳಿಯಿಲ್ಲ. ಆದರೂ ಎಷ್ಟೋ ಕೋಶಗಳು ಸಾಯುವುದಿಲ್ಲ. ಅಂಥ ಕಷ್ಟದಲ್ಲಿ ಅವು ತಮ್ಮೊಳಗಿನ ಕೊಬ್ಬನ್ನು ಏನು ಮಾಡುತ್ತವೆ? ಅವಳು ಹಿಡಿದದ್ದು ಇದನ್ನು. ಎಣ್ಣೆ ಊರಿನವಳಾದ ನನಗೆ, ಸೂಕ್ಷ್ಮದರ್ಶಕದಲ್ಲಿ ಕೋಶದೊಳಗೆ ಎಣ್ಣೆಯ ಹನಿ ಹುಡುಕುವ ಕೆಲಸ ಅಪ್ಪನ ಕಸುಬಿನದೇ ಇನ್ನೊಂದು ಪಾಲಿನಂತೆ ಕಂಡಿತು. ಎಣ್ಣೆಗಷ್ಟೇ ಹತ್ತುವ ಒಂದು ಕೆಂಪು ಬಣ್ಣವಿದೆ. ಕೋಶಗಳನ್ನು ಆ ಬಣ್ಣದಲ್ಲಿ ಅದ್ದಿ ತೊಳೆದರೆ ಕೊಬ್ಬಿನ ಹನಿಗಳು ಮಾತ್ರ ಕುಂಕುಮದ ಚುಕ್ಕಿಗಳ ಹಾಗೆ ಉಳಿಯುತ್ತವೆ. ಚುಕ್ಕಿ ಎಣಿಸಿದರೆ ಕೊಬ್ಬಿನ ಲೆಕ್ಕ ಸಿಕ್ಕಿತು.

ಒಂದು ಸುತ್ತಿಗೆ ಇಪ್ಪತ್ತನಾಲ್ಕು ತಟ್ಟೆ. ಮೊದಲ ಎಂಟಕ್ಕೆ ಎಲ್ಲವೂ ಸರಿಯಾಗಿ ಸಿಗುತ್ತದೆ. ಪುಸ್ತಕದಲ್ಲಿ ಅವುಗಳ ಹೆಸರು ಕಂಟ್ರೋಲ್, ಉಳಿದವನ್ನು ಹೋಲಿಸಿ ನೋಡಲು. ಹುಡುಗಿ ಅವನ್ನು ‘ಉಂಡವು’ ಅನ್ನುತ್ತಿದ್ದಳು. ಇನ್ನೆಂಟಕ್ಕೆ ದ್ರವದಲ್ಲಿ ಸೀರಂ ಇಲ್ಲ, ಅಂದರೆ ಊಟವಿಲ್ಲ. ಅವು ‘ಹಸಿದವು’. ಉಳಿದ ಎಂಟನ್ನು ಆಮ್ಲಜನಕ ತೀರ ಕಮ್ಮಿ ಇರುವ ಡಬ್ಬದೊಳಗೆ ಇಟ್ಟು ಬಿಗಿದು, ಕೊನೆಯ ದಿನದವರೆಗೆ ತೆರೆಯುವುದಿಲ್ಲ. ಅವು ‘ಉಸಿರು ಕಟ್ಟಿದವು’. ನಾನು ಬರುವ ಮೊದಲೇ ಅವಳು ಒಂದು ಸುತ್ತು ಮುಗಿಸಿದ್ದಳು. ಉಂಡವುಗಳಲ್ಲಿ ಕೆಂಪು ಚುಕ್ಕಿ ಅಲ್ಲೊಂದು ಇಲ್ಲೊಂದು. ಹಸಿದವುಗಳಲ್ಲಿ ತುಂಬ. ಉಸಿರು ಕಟ್ಟಿದವುಗಳಲ್ಲಿ ಇನ್ನೂ ಹೆಚ್ಚು. ಕಷ್ಟ ಬಂದಾಗ ಗೆಡ್ಡೆಯ ಕೋಶ ಕೊಬ್ಬನ್ನು ಖರ್ಚು ಮಾಡುವ ಬದಲು ಹನಿ ಹನಿಯಾಗಿ ಕಟ್ಟಿ ಇಟ್ಟುಕೊಳ್ಳುತ್ತದೆ ಎಂಬುದು ಅವಳ ಊಹೆ. ಅದನ್ನು ಇಟ್ಟುಕೊಳ್ಳಲು ಬಿಡದಿದ್ದರೆ ಗೆಡ್ಡೆಗೆ ಏನಾಗುತ್ತದೆ ಎಂಬುದು ಮುಂದಿನ ಹೆಜ್ಜೆ.

ಆದರೆ ಅವಳು ಕೆಲಸ ಮಾಡುವ ರೀತಿ ನೋಡಿ ನನಗೆ ಮೈ ಉರಿಯಿತು. ತಟ್ಟೆಗಳನ್ನು ದಿನವೂ ಬೆಳಿಗ್ಗೆ ಒಮ್ಮೆ ಸೂಕ್ಷ್ಮದರ್ಶಕದಡಿ ನೋಡಿ ಬರೆಯಬೇಕು. ಇವಳು ಇನ್‌ಕ್ಯುಬೇಟರಿನ ಬಾಗಿಲು ತೆರೆದು ಕೈಗೆ ಸಿಕ್ಕ ತಟ್ಟೆ ತರುತ್ತಿದ್ದಳು, ನೋಡಿ ಬರೆದು ಅದನ್ನು ಒಳಗಿಟ್ಟು ಇನ್ನೊಂದು ತರುತ್ತಿದ್ದಳು. ಐದರ ನಂತರ ಹನ್ನೆರಡು, ಹನ್ನೆರಡರ ನಂತರ ಎರಡು. ಬಾಯಲ್ಲಿ ಯಾವುದೋ ತೆಲುಗು ಹಾಡು. ಲಾಗ್ ಪುಸ್ತಕದಲ್ಲಿ ಅಕ್ಷರಗಳು ಗೆರೆ ಬಿಟ್ಟು ಓಡುತ್ತಿದ್ದವು.

“ಏನಮ್ಮಾ ಇದು, ಸಂತೇಲಿ ಬದನೆಕಾಯಿ ಆರಿಸ್ತಿದೀಯಾ?” ಅಂದೆ.

“ಎಲ್ಲಾನೂ ನೋಡೇ ನೋಡ್ತೀನಲ್ಲ ಮೇಡಂ.”

“ನೋಡೋದಕ್ಕೆ ಒಂದು ಕ್ರಮ ಬೇಡ್ವಾ? ಹದಿನಾರು ತಟ್ಟೆ, ಬಾಗಿಲು ಎಷ್ಟು ಸಲ ತೆಗೀತೀಯ? ಒಳಗಿನ ಬಿಸಿಯೆಲ್ಲ ಹೊರಗೆ. ಒಳಗಿರೋವು ಏನಾಗ್ಬೇಕು?”

ಅವಳು ತಲೆ ತಗ್ಗಿಸಿದಳು. ಮರುದಿನದಿಂದ ಆ ಕೆಲಸ ನಾನು ತೆಗೆದುಕೊಂಡೆ. ಒಂದರಿಂದ ಹದಿನಾರರವರೆಗೆ ತಟ್ಟೆಗಳನ್ನು ನನ್ನದೇ ಸ್ಟೀಲ್ ಟ್ರೇ ಮೇಲೆ ಎರಡು ಸಾಲಾಗಿ ಜೋಡಿಸುತ್ತಿದ್ದೆ. ಮೊದಲ ಸಾಲು ಉಂಡವು, ಎರಡನೆಯದು ಹಸಿದವು. ಒಂದೇ ಸಲ ಬಾಗಿಲು ತೆಗೆದು ಮೊದಲ ಸಾಲಿನ ಎಂಟನ್ನು ಹೊರಗೆ ತಂದು ನೋಡುವುದು. ಅವು ಮುಗಿದ ಮೇಲೆ ಮತ್ತೆರಡು ಸಲ ತೆಗೆದು ಎರಡನೆಯ ಸಾಲನ್ನು ನಾಲ್ಕು ನಾಲ್ಕಾಗಿ ತರುವುದು. ಎಲ್ಲ ಮುಗಿದು ಟ್ರೇ ಭರ್ತಿಯಾದ ಮೇಲೆ ಒಟ್ಟಿಗೆ ಒಳಗೆ. ಅರ್ಧ ತುಂಬಿದ ಟ್ರೇಯನ್ನು ಒಳಗಿಡುವುದು ನನ್ನಿಂದ ಆಗದ ಮಾತು. ಬಿಸಿಲಿನ ದಿನಗಳು, ಧೂಳು ಬೇರೆ. ಕಿಟಕಿ ಭದ್ರ ಮುಚ್ಚಿ ಎಸಿಯನ್ನು ಹದಿನೆಂಟಕ್ಕೆ ಇಡುತ್ತಿದ್ದೆ. ಅದರ ಗಾಳಿ ನೇರ ಮೇಜಿನ ಮೇಲೆ ಬೀಳುತ್ತಿತ್ತು. ಅಡಿಕೋಲು ಇಟ್ಟು ಗೆರೆ ಎಳೆದು ಬರೆಯುತ್ತಿದ್ದೆ. ಗೈಡ್ ಬಂದಾಗ ಲಾಗ್ ಪುಸ್ತಕ ತಿರುವಿ, “ಇದು ನೋಡಿ, ಪುಸ್ತಕ ಅಂದ್ರೆ ಇದು” ಅಂದರು. ಹುಡುಗಿಯೂ ನಕ್ಕಳು. ನನಗೆ ಸಂತೋಷವಾಗಿತ್ತು.

ಮುಂದಿನ ಸುತ್ತಿನ ಬಣ್ಣ ಹಾಕಿದಾಗ ಉಂಡವುಗಳ ತುಂಬ ಕೆಂಪು ಚುಕ್ಕಿ. ಹಸಿದವುಗಳಷ್ಟೇ ಇದ್ದವು. ಒಂದು ಸಲ ಏನೋ ಆಗಿರಬೇಕೆಂದು ಮತ್ತೆ ಮಾಡಿದೆವು. ಅದೇ. ಮೂರನೆಯ ಸಲವೂ ಅದೇ. ಹೊಟ್ಟೆ ತುಂಬಿದ್ದಕ್ಕೂ ಹಸಿದದ್ದಕ್ಕೂ ವ್ಯತ್ಯಾಸವಿಲ್ಲ ಎಂದ ಮೇಲೆ ಹಸಿವಿನ ಬಗ್ಗೆ ಹೇಳುವುದಕ್ಕೆ ಏನು ಉಳಿಯಿತು?

ಗೈಡ್ ಬಂದು ಚಿತ್ರಗಳನ್ನೆಲ್ಲ ನೋಡಿದರು. ಒಳ್ಳೆಯ ಮನುಷ್ಯ, ದನಿ ಎತ್ತುವವರಲ್ಲ. “ಈ ಕೋಶಗಳೇ ಇಂಥವು ಅನ್ಸುತ್ತಮ್ಮ. ಮೊದಲ ಸಲ ಬಂದಿದ್ದು ಆಕಸ್ಮಿಕ ಇರಬಹುದು. ನಾನು ಮುಂದಿನ ತಿಂಗಳು ಬರೋಷ್ಟರಲ್ಲಿ ಕಂಟ್ರೋಲ್ ಸರಿ ಹೋಗ್ಲಿಲ್ಲ ಅಂದ್ರೆ ಇದನ್ನ ಮುಚ್ಚೋಣ. ಬೇರೆ ವಿಷಯ ಕೊಡ್ತೀನಿ” ಅಂದರು.

ಹುಡುಗಿ “ಸರಿ ಸಾರ್” ಅಂದಳು. ಅವರು ಹೋದ ಮೇಲೆ ಕೈ ತೊಳೆಯುವ ತೊಟ್ಟಿಯ ಹತ್ತಿರ ತುಂಬ ಹೊತ್ತು ನಿಂತಿದ್ದಳು. ಅವಳ ಫೆಲೋಶಿಪ್ ಇನ್ನೊಂದು ವರ್ಷಕ್ಕೆ ಮುಗಿಯುವುದಿತ್ತು. ಹೊಸ ವಿಷಯವೆಂದರೆ ಮೊದಲಿಂದ ಶುರು, ಒಂದು ವರ್ಷದಲ್ಲಿ ಆಗುವ ಮಾತಲ್ಲ. ಬೇರೆ ವಿಷಯ ಎಂದರೆ ಅವಳ ಮಟ್ಟಿಗೆ ವಿಷಯವೇ ಇಲ್ಲ ಎಂದರ್ಥ. ಇದು ನನಗೂ ಗೊತ್ತಿತ್ತು, ಗೈಡಿಗೂ ಗೊತ್ತಿತ್ತು.

ನಾನು ಅವಳನ್ನು ಬೈದೆ. ಇದನ್ನು ಬರೆಯದೆ ಬಿಟ್ಟರೆ ಈ ಬರಹ ಬರೆಯುವುದೇ ಬೇಡ. ಸೀರಂ ಅಳತೆ ತಪ್ಪಿದ್ದೀಯ ಅಂದೆ. ಬಣ್ಣ ಸೋಸದೆ ಹಾಕಿದ್ದೀಯ ಅಂದೆ. ನನ್ನ ಕಣ್ಣೆದುರೇ ಅಳೆಯಿಸಿದೆ, ಸೋಸಿಸಿದೆ. ಎಲ್ಲವೂ ಸರಿಯಾಗಿಯೇ ಇತ್ತು.

“ಹಾಗಾದ್ರೆ ಎಲ್ಲಿ ತಪ್ಪಿತು ಹೇಳು?”

ಅವಳು ಟ್ರೇ ಕಡೆ ನೋಡಿದಳು. “ಗೊತ್ತಿಲ್ಲ ಮೇಡಂ” ಅಂದಳು. ಆಮೇಲೆ, “ಭಾನುವಾರ ನಮ್ಮೂರಿಗೆ ಬರ್ತೀರಾ? ಮಳೆ ಹಿಡಿಯೋ ಮುಂಚೆ ಕುರಿ ಉಣ್ಣೆ ತೆಗೀತಾರೆ. ನೀವು ಒಂದ್ಸಲ ನೋಡ್ಬೇಕು ಅಂದಿದ್ರಲ್ಲ” ಅಂದಳು. ನಾನು ಹಾಗೆ ಅಂದಿದ್ದು ನೆನಪಿಲ್ಲ. ಆದರೂ ಒಪ್ಪಿದೆ. ಬೈದ ಮೇಲೆ ಕರೆದರೆ ಹೋಗಬೇಕು.

ಚಳ್ಳಕೆರೆಯಿಂದ ಬೆಳಗಿನ ಮೊದಲ ಬಸ್ಸಿಗೆ ಮೊಳಕಾಲ್ಮುರು, ಅಲ್ಲಿಂದ ದೇವಸಮುದ್ರದ ಬಸ್ಸು. ಹುಡುಗಿ ಸ್ಟಾಪಿಗೆ ಬಂದಿದ್ದಳು. ಮನೆಯಿಂದ ಆಚೆ, ಬೇಲಿ ಮುಳ್ಳು ಹಾಕಿದ ರೊಪ್ಪದಲ್ಲಿ ಕುರಿಗಳು. ಹಿಂದಿನ ದಿನ ಬೋರ್‌ವೆಲ್ಲಿನ ತೊಟ್ಟಿಯ ಹತ್ತಿರ ಮೈ ತೊಳೆಸಿದ್ದರಂತೆ. ಬೇವಿನ ಮರದಡಿ ಅವಳ ತಂದೆ ಮತ್ತು ಚಿಕ್ಕಪ್ಪ ಕತ್ತರಿ ಹಿಡಿದು ಕೂತಿದ್ದರು. ತಾಯಿ ನನ್ನನ್ನು ಕಂಡು ಒಳಗಿಂದ ಕಂಬಳಿ ತಂದು ಹಾಸಿ, “ಕುಂದುರ್ರಿ ಅಮ್ಮಾರೆ” ಅಂದು, ಮಗಳನ್ನು “ಇಟ್ರಾ” ಎಂದು ತೆಲುಗಿನಲ್ಲಿ ಕರೆದು ಮಜ್ಜಿಗೆ ಕೊಟ್ಟು ಕಳಿಸಿದಳು.

ತಂದೆ ಏಳದೆಯೇ ಕೈ ಮುಗಿದರು. ಅವರ ಮಂಡಿಯಡಿ ಒಂದು ಕುರಿ ಇತ್ತು. “ನಮ್ಮ ಹುಡುಗಿ ನಿಮ್ಮ ಹೆಸರು ಹೇಳ್ಕಂಡೇ ಊಟ ಮಾಡ್ತೈತೆ ಅಮ್ಮಾರೆ. ಗಡಿಯಾರ ನಿಮ್ಮನ್ನ ನೋಡಿ ಟೈಮ್ ಸರಿ ಮಾಡ್ಕಂತೈತಂತೆ?”

“ಅಪ್ಪಾ!” ಅಂದಳು ಹುಡುಗಿ.

“ಇದ್ದಿದ್ದು ಹೇಳಿದ್ರೆ ಏನವ್ವ.”

ಚಿಕ್ಕಪ್ಪ ಒಂದು ಕುರಿಯ ಹಿಂಗಾಲು ಹಿಡಿದು ಎಳೆದು ತಂದರು, ಮಗ್ಗುಲಿಗೆ ಕೆಡವಿದರು, ಮೂರು ಕಾಲು ಸೇರಿಸಿ ಕಟ್ಟಿದರು. ಹೊಟ್ಟೆಯ ಕಡೆಯಿಂದ ಕತ್ತರಿ ಶುರುವಾಗಿ ಉಣ್ಣೆ ಒಂದೇ ಹಾಸಾಗಿ ಬಿಚ್ಚಿಕೊಂಡಿತು. ಕಟ್ಟು ಬಿಚ್ಚಿದ ಕೂಡಲೇ ಕುರಿ ಎದ್ದು, ತಾನು ಯಾರೆಂದು ತನಗೇ ಮರೆತವರ ಹಾಗೆ ಎರಡು ಗಳಿಗೆ ನಿಂತು ಓಡಿತು. ಆಮೇಲೆ ಅವರು ರೊಪ್ಪದೊಳಗೆ ಹೋಗಿ ಇನ್ನೊಂದನ್ನು ಅಟ್ಟಿಸಿಕೊಂಡು ಹಿಡಿದು ತರಬೇಕು. ಪ್ರತಿ ಸಲ ರೊಪ್ಪದ ಮುಳ್ಳು ಸರಿಸುವುದು, ಮುಚ್ಚುವುದು. ಕುರಿಗಳೆಲ್ಲ ಆ ಮೂಲೆಯಿಂದ ಈ ಮೂಲೆಗೆ ನುಗ್ಗುವುದು, ಧೂಳು. ಕೈಗೆ ಸಿಕ್ಕಿದ್ದು ಹಿಡಿಯುವುದು. ಒಂದು ಗಂಟೆ ನೋಡಿದೆ. ಸುಮ್ಮನಿರಲಾಗಲಿಲ್ಲ.

“ನೀವು ಹೀಗೆ ಯಾಕೆ ಮಾಡ್ತೀರಿ? ಒಂದೇ ಸಲಕ್ಕೆ ಹತ್ತು ಹದಿನೈದು ಹಿಡಿದು ಕಾಲು ಕಟ್ಟಿ ಇಲ್ಲಿ ಸಾಲಾಗಿ ಮಲಗಿಸಿದ್ರೆ, ಆ ತುದಿಯಿಂದ ಈ ತುದಿಗೆ ಕತ್ತರಿಸ್ತಾ ಬರಬಹುದಲ್ಲ? ಎಲ್ಲ ಮುಗಿದ ಮೇಲೆ ಒಟ್ಟಿಗೆ ಬಿಟ್ರಾಯ್ತು. ಪದೇ ಪದೇ ಬಾಗಿಲು ತೆಗೆಯೋದು ತಪ್ಪುತ್ತೆ” ಅಂದೆ.

ಇಬ್ಬರೂ ಕತ್ತರಿ ನಿಲ್ಲಿಸಿದರು. ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. “ಅಮ್ಮಾರು ಮಿಲ್ಟ್ರಿ ಕುರಿ ಮಾಡ್ತಾರೆ ಕಣೋ ಅಣ್ಣಾ!”

ತಂದೆ ನಗಲಿಲ್ಲ. ಕುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಹೇಳಿದರು: “ನೋಡಾಕೆ ಚೆಂದ ಇರ್ತೈತೆ ಅಮ್ಮಾರೆ. ಆದ್ರೆ ಕಾಲು ಕಟ್ಟಿ ಕೆಡವಿದ ಕುರಿ ಹಂಗೇ ಬಿದ್ದಿದ್ರೆ ಹೊಟ್ಟೆ ಉಬ್ತೈತೆ. ಉಸಿರು ಹತ್ತಲ್ಲ. ಮೊದ್ಲು ಕಟ್ಟಿದ್ದು ಕೊನೆಗಂಟ ಬಿದ್ದಿರ್ಬೇಕಲ್ಲ, ಕೊನೇದಕ್ಕೆ ಏನೂ ಆಗಲ್ಲ, ಮೊದಲ್ನೇದು ಸಾಯ್ತೈತೆ. ಒಂದು ಹಿಡಿ, ಒಂದು ಕತ್ತರಿಸು, ಒಂದು ಬಿಡು. ಅಷ್ಟೇಯ.”

ನನ್ನ ಕೈಯಲ್ಲಿ ಮಜ್ಜಿಗೆಯ ಲೋಟವಿತ್ತು. ಅದನ್ನು ಕಂಬಳಿಯ ಪಕ್ಕ ನೆಲದ ಮೇಲೆ ಇಟ್ಟೆ. ಹುಡುಗಿ ಎಲ್ಲಿದ್ದಾಳೆ ಎಂದು ನೋಡಿದೆ. ಅವಳು ಬೇವಿನ ಕಾಂಡಕ್ಕೆ ಒರಗಿ, ಬಿಚ್ಚಿದ ಉಣ್ಣೆಯಿಂದ ಮುಳ್ಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಊಟಕ್ಕೆ ಮುದ್ದೆ, ಹುರುಳಿ ಸಾರು, ಶೇಂಗಾ ಚಟ್ನಿ. ತಂದೆ ಮಗಳ ಕೆಲಸದ ಬಗ್ಗೆ ಕೇಳಿದರು. ಅವಳು ಕೆಂಪು ಚುಕ್ಕಿಯ ಕತೆ ಹೇಳಿದಳು. “ಹಸಿದಷ್ಟೂ ಕೊಬ್ಬು ಜಾಸ್ತಿ ಆಗ್ತೈತೆ ಅಪ್ಪಾ, ಆ ಗೆಡ್ಡೆ ಕೋಶದಾಗೆ.”

“ಏನು ಸುಳ್ಳು ಹೇಳ್ತೀಯ. ಹಸಿದ ಕುರೀನ ಕೊಯ್ದು ನೋಡು, ಮೂತ್ರಪಿಂಡದ ಸುತ್ತ ಒಂದು ಎಳೆ ಕೊಬ್ಬು ಇರಾಕಿಲ್ಲ.”

“ಕುರಿ ಬೇರೆ, ಇದು ಬೇರೆ.”

“ಹಂಗಾದ್ರೆ ಅದು ಬಲು ಕಳ್ಳ ಕುರಿ ಕಣವ್ವ. ಮೇವಿಲ್ದಾಗ ಬಚ್ಚಿಟ್ಕಂಡು ಬದುಕ್ತೈತೆ” ಅಂದು ಅವರು ಇನ್ನೊಂದು ತುತ್ತು ಮುರಿದರು. ಅವಳ ಎರಡು ವರ್ಷದ ಪ್ರಶ್ನೆಯನ್ನು ಇಷ್ಟು ಚಿಕ್ಕದಾಗಿ ಗೈಡೂ ಹೇಳಿರಲಿಲ್ಲ. ನನ್ನ ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೇ ನಿಂತಿತ್ತು. ತಾಯಿ, “ಸಾರು ಖಾರ ಆತೇನೋ” ಎಂದು ಮಜ್ಜಿಗೆ ಬಡಿಸಿದಳು.

ವಾಪಸ್ಸು ಬರುವಾಗ ಮೊಳಕಾಲ್ಮುರು ಬಸ್ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಕಲ್ಲು ಬೆಂಚಿನ ಮೇಲೆ ಕೂತು ಚೀಲದಿಂದ ಪೆನ್ನು ತೆಗೆದು, ಬಸ್ ಟಿಕೆಟ್ಟಿನ ಹಿಂದೆ ಬರೆದೆ. ಒಂದು ತಟ್ಟೆಗೆ ಮೂರು ನಿಮಿಷ. ಹದಿನಾರಕ್ಕೆ ನಲವತ್ತೆಂಟು. ಮೊದಲ ಸಾಲು ಎಂಟೂ ಒಟ್ಟಿಗೆ ಹೊರಗೆ ಬರುತ್ತದೆ, ಎಲ್ಲ ಮುಗಿಯುವ ತನಕ ಹೊರಗೇ ಇರುತ್ತದೆ. ಅಂದರೆ ಪ್ರತಿಯೊಂದೂ ನಲವತ್ತೆಂಟು ನಿಮಿಷ, ದಿನವೂ, ಎಸಿಯ ಗಾಳಿಯ ಕೆಳಗೆ. ಎರಡನೆಯ ಸಾಲಿನ ಕೊನೆಯ ನಾಲ್ಕು ಹೊರಗಿರುವುದು ಬರೀ ಹನ್ನೆರಡು ನಿಮಿಷ. ಡಬ್ಬದೊಳಗಿನವು ಹೊರಗೆ ಬರುವುದೇ ಇಲ್ಲ. ಸುಖವಾಗಿರಬೇಕಾದವುಗಳನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಚಳಿಗೆ ಇಟ್ಟಿದ್ದೆ. ಉಂಡವು ಎಂದು ಕರೆಯುತ್ತಲೇ, ದಿನಾ ಕಾಲು ಕಟ್ಟಿ ಕೆಡವಿದ್ದೆ.

ಇದು ಕಣ್ಣಿಗೆ ಕಂಡಿರಲಿಲ್ಲ ಎಂದು ಹೇಳಲಾರೆ. ಹೊರಗಿಟ್ಟ ತಟ್ಟೆಯ ಕೆಂಪು ದ್ರವ ಮೆಲ್ಲಗೆ ನೇರಳೆಗೆ ತಿರುಗುತ್ತದೆ. ಅದರೊಳಗಿನ ಅನಿಲ ಹಾರಿಹೋಯಿತೆಂದು ಅರ್ಥ. ದಿನವೂ ನೋಡುತ್ತಿದ್ದೆ. ಮೂವತ್ತು ವರ್ಷ ನೋಡಿದ್ದೇನೆ. ಒಳಗಿಟ್ಟರೆ ಮತ್ತೆ ಕೆಂಪಾಗುತ್ತದೆ, ಕೋಶಗಳು ಸಾಯುವುದಿಲ್ಲ. ಆಸ್ಪತ್ರೆಯಲ್ಲಿ ನಮಗೆ ಬೇಕಿದ್ದದ್ದು ಅಷ್ಟೇ, ಸಾಯಬಾರದು, ಬೆಳೆಯಬೇಕು. ಇಲ್ಲಿ ಈ ಹುಡುಗಿ ಕೇಳುತ್ತಿದ್ದದ್ದು ಬೇರೆ, ಸಾಯದೆ ಉಳಿದದ್ದು ಒಳಗೊಳಗೇ ಏನು ಮಾಡಿಕೊಂಡಿತು ಎಂದು. ಆ ಪ್ರಶ್ನೆಗೆ ನನ್ನ ಟ್ರೇ ಹೊಂದುತ್ತಿರಲಿಲ್ಲ. ಮೊದಲ ಸುತ್ತು ಸರಿ ಬಂದದ್ದು ಆಕಸ್ಮಿಕವೂ ಅಲ್ಲ. ಆಗ ನಾನು ಇರಲಿಲ್ಲ.

ಸೋಮವಾರ ಎಂಟೂಕಾಲಿಗೆ ಹೋದೆ. ಹುಡುಗಿ ಒಂಬತ್ತಕ್ಕೆ ಬಂದಳು. ಟಿಕೆಟ್ಟನ್ನು ಮೇಜಿನ ಮೇಲೆ ಇಟ್ಟು, “ಓದು” ಅಂದೆ. ಓದಿದಳು. ಮುಖ ನೋಡಿದರೆ ಅವಳಿಗೆ ಇದು ಹೊಸದಲ್ಲ ಅನ್ನಿಸಿತು.

“ನಿನಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು ಅಂತಲ್ಲ ಮೇಡಂ. ಅನ್ನಿಸ್ತಿತ್ತು.”

“ಮತ್ತೆ ಬಾಯಿ ಬಿಡೋಕೆ ಏನಾಗಿತ್ತು? ಎರಡು ತಿಂಗಳು ಹೋಯ್ತಲ್ಲ!”

“ನಿಮಗೆ ಹೆಂಗ್ ಹೇಳೋದು ಮೇಡಂ? ಸಾರೇ ನಿಮ್ಮ ಪುಸ್ತಕ ನೋಡಿ ಕಲಿ ಅಂದ್ರು. ನಾನು ಬದನೆಕಾಯಿ ಆರಿಸೋಳು.”

ಅದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಉಣ್ಣೆ ತೆಗೆಯುವುದನ್ನು ನೋಡಲು ಅವಳು ನನ್ನನ್ನು ಬೇಕೆಂದೇ ಕರೆದಳೋ, ಸುಮ್ಮನೆ ಕರೆದಳೋ ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಅನ್ನಿಸಿದರೆ ಸಾಲದು, ತೋರಿಸಬೇಕು. ಗೈಡ್ ಬರಲು ಎರಡು ವಾರವಿತ್ತು. ಎಂಟು ತಟ್ಟೆ ಹಾಕಿದೆವು. ಎಂಟಕ್ಕೂ ಒಂದೇ ಊಟ, ಒಂದೇ ಗಾಳಿ. ನಾಲ್ಕನ್ನು ದಿನವೂ ಬೆಳಿಗ್ಗೆ ನಲವತ್ತೆಂಟು ನಿಮಿಷ ಎಸಿಯ ಕೆಳಗೆ ಟ್ರೇಯಲ್ಲಿ ಇಟ್ಟೆವು. ನಾಲ್ಕನ್ನು ಮುಟ್ಟಲಿಲ್ಲ. ಐದನೆಯ ದಿನ ಬಣ್ಣ ಹಾಕಿದೆವು. ತಟ್ಟೆಯ ಅಡಿಯ ಗುರುತು ಕಾಣದಂತೆ ಅವಳು ಕಾಗದ ಅಂಟಿಸಿದಳು, ಯಾವುದು ಯಾವುದೆಂದು ಗೊತ್ತಿಲ್ಲದೆ ನಾನು ಚುಕ್ಕಿ ಎಣಿಸಿದೆ. ನಾಲ್ಕನೆಯ ತಟ್ಟೆಯ ಹೊತ್ತಿಗೇ ನನಗೆ ಕಾಗದ ಕಿತ್ತು ನೋಡುವ ಅಗತ್ಯ ಉಳಿದಿರಲಿಲ್ಲ. ಆದರೂ ಎಂಟನ್ನೂ ಎಣಿಸಿದೆ. ಟ್ರೇಯಲ್ಲಿ ಕೂತಿದ್ದ ನಾಲ್ಕರಲ್ಲಿ ಕುಂಕುಮ ಚೆಲ್ಲಿದ ಹಾಗಿತ್ತು. ಉಳಿದವು ಬಹುಮಟ್ಟಿಗೆ ಸ್ವಚ್ಛ.

ಗೈಡ್ ಬಂದ ದಿನ ಹುಡುಗಿ, “ನಾನೇ ಹೇಳ್ತೀನಿ ಮೇಡಂ, ವಿಧಾನದಲ್ಲಿ ಸ್ವಲ್ಪ ವ್ಯತ್ಯಾಸ ಆಗಿತ್ತು ಅಂತ” ಅಂದಳು. ಬೇಡ ಅಂದೆ. ವಿಧಾನ ತಾನಾಗಿಯೇ ವ್ಯತ್ಯಾಸವಾಗುವುದಿಲ್ಲ. ಅವರು ಕೂತ ಕೂಡಲೇ ಲಾಗ್ ಪುಸ್ತಕವನ್ನು ಮುಂದಿಟ್ಟು, ನಾನು ಕೆಲಸ ತೆಗೆದುಕೊಂಡ ದಿನದ ಪುಟಕ್ಕೆ ಬೆರಳಿಟ್ಟು ಹೇಳಿದೆ: “ಇಲ್ಲಿಂದ ಮುಂದಿನ ಮೂರು ಸುತ್ತು ಕೆಟ್ಟಿದ್ದು ನನ್ನಿಂದ. ಅವಳಿಂದ ಅಲ್ಲ.” ಆಮೇಲೆ ಎಂಟು ತಟ್ಟೆಯ ಚಿತ್ರ ತೋರಿಸಿದೆ. ಅವರು ಪುಸ್ತಕ ಪೂರ್ತಿ ನೋಡಿದರು, ಅಡಿಕೋಲಿನ ಗೆರೆಗಳನ್ನೂ ನೋಡಿದರು. ಚಾದರದ ಮೂಲೆಗೆ ಕೂಡ ನಾನು ಎಂದೂ ಬೈಸಿಕೊಂಡವಳಲ್ಲ.

“ಇಷ್ಟು ಸರಿಯಾಗಿ ಬರೆದಿಟ್ಟಿದ್ದಕ್ಕೇ ತಪ್ಪು ಸಿಕ್ತು ಮೇಡಂ” ಅಂದರು ಅವರು.

“ಅದು ಸಮಾಧಾನದ ಮಾತು ಸಾರ್. ಅವಳ ವಿಷಯ ಏನಾಯ್ತು ಹೇಳಿ.”

ಅವರು ಹುಡುಗಿಯ ಕಡೆ ತಿರುಗಿದರು. “ಮೂರು ಸುತ್ತು ಬಿಟ್ಟುಬಿಡು. ಮೊದಲಿಂದ ಮಾಡು. ಕಂಟ್ರೋಲ್ ನಿಂತ್ರೆ ವಿಷಯ ನಿನ್ನದೇ. ಇನ್ನೊಂದು, ಹೊರಗಿನ ಚಳಿ ಕೂಡ ಒಂದು ಕಷ್ಟವೇ ಅಂತ ಈಗ ಗೊತ್ತಾಯ್ತಲ್ಲ, ಅದನ್ನೂ ಬರಿ.”

ಹುಡುಗಿ ಈ ಸಲ “ಸರಿ ಸಾರ್” ಅಂದದ್ದು ಬೇರೆ ದನಿಯಲ್ಲಿ.

ಹೊಸ ಸುತ್ತಿಗೆ ನಾವು ಹೊಸ ಕ್ರಮ ಮಾಡಿಕೊಂಡೆವು. ಬಾಗಿಲು ಪದೇ ಪದೇ ತೆರೆಯುವುದು ಕೆಟ್ಟದ್ದೇ. ಆ ಮಾತನ್ನು ನಾನು ಬಿಟ್ಟುಕೊಡಲಿಲ್ಲ, ಅವಳೂ ಒಪ್ಪಿದಳು. ಹಾಗಾಗಿ ದಿನವೂ ಹದಿನಾರನ್ನೂ ನೋಡುವುದನ್ನು ಬಿಟ್ಟು ಆರು ಮಾತ್ರ ನೋಡುವುದು. ಒಂದು ಹೊರಗೆ ಬಂದು ಒಳಗೆ ಹೋದ ಮೇಲೆಯೇ ಇನ್ನೊಂದು. ಎಸಿ ಇಪ್ಪತ್ತಾರಕ್ಕೆ. ಯಾವ ಆರು, ಯಾವುದರ ನಂತರ ಯಾವುದು ಎನ್ನುವುದನ್ನು ಅವಳೂ ತೀರ್ಮಾನಿಸಬಾರದು, ನಾನೂ ತೀರ್ಮಾನಿಸಬಾರದು. ತಂಗಿಯ ಮನೆಯಿಂದ ಒಂದು ಉಪ್ಪಿನಕಾಯಿ ಜಾಡಿ ತಂದೆ. ಹದಿನಾರು ಚೀಟಿ ಬರೆದು, ಒಂದೇ ಅಳತೆಗೆ ಕತ್ತರಿಸಿ, ಒಂದೇ ರೀತಿ ಮಡಚಿ ಹಾಕಿದೆ. ತಂಗಿ, “ಗೆಡ್ಡೆಗಳಿಗೆ ಚೀಟಿ ಆಟ ಬೇರೆ ಆಡಿಸ್ತೀಯಾ?” ಅಂದಳು.

ಆ ಸುತ್ತು ಮುಗಿದು ಬಣ್ಣ ಹಾಕಿದ ದಿನ ಹುಡುಗಿ ಮೊದಲು ನೋಡಿದಳು. ತುಂಬ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಸ್ಟೂಲಿನಿಂದ ಎದ್ದು ನನಗೆ ಜಾಗ ಬಿಟ್ಟಳು. ಉಂಡವುಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ಹಸಿದವುಗಳಲ್ಲಿ ತುಂಬ. ಡಬ್ಬದಲ್ಲಿದ್ದವುಗಳಲ್ಲಿ ಇನ್ನೂ ತುಂಬ. ಅವಳ ತಂದೆಯ ಕಳ್ಳ ಕುರಿಗಳು, ಬಚ್ಚಿಟ್ಟುಕೊಂಡು, ನಿಶ್ಚಿಂತೆಯಾಗಿ.

“ಅಪ್ಪಂಗೆ ಫೋನ್ ಮಾಡ್ಲಾ?” ಅಂದಳು.

“ಮೊದ್ಲು ಪುಸ್ತಕದಲ್ಲಿ ಬರಿ” ಅಂದೆ. ಬರೆದಳು. ಗೆರೆ ನೇರವಾಗಿತ್ತು. ಆಮೇಲೆ ಹೊರಗೆ ಹೋಗಿ ತೆಲುಗಿನಲ್ಲಿ ಜೋರಾಗಿ ಮಾತಾಡಿದಳು.

ಈಗ ಇನ್ನೊಂದು ಸುತ್ತು ನಡೆದಿದೆ. ಇವತ್ತು ಬೆಳಿಗ್ಗೆಯೂ ಎಂಟೂಕಾಲಿಗೆ ಹೋಗಿ, ಮೇಜು ಒರೆಸಿ, ಜಾಡಿಯ ಮುಚ್ಚಳ ತೆಗೆದೆ. ಹದಿಮೂರು ಬಂತು. ಆಮೇಲೆ ಎರಡು. ಆಮೇಲೆ ಒಂಬತ್ತು. ಈ ಅಡ್ಡಾದಿಡ್ಡಿಗೆ ನನ್ನ ಕೈ ಇನ್ನೂ ಒಗ್ಗಿಲ್ಲ, ಪುಟದ ಮೇಲೆ ಹದಿಮೂರರ ಕೆಳಗೆ ಎರಡು ಬರೆಯುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ನಿಲ್ಲಲಿ. ಸ್ಟೀಲ್ ಟ್ರೇಯನ್ನು ಮನೆಗೆ ತಂದಿದ್ದೇನೆ, ತಂಗಿ ಅದರಲ್ಲಿ ಹಪ್ಪಳ ಒಣಗಿಸುತ್ತಾಳೆ. ಹದಿಮೂರನ್ನು ತೆಗೆದೆ, ನೋಡಿದೆ, ಬರೆದೆ, ಒಳಗಿಟ್ಟು ಬಾಗಿಲು ಹಾಕಿದೆ. ಆಮೇಲೆ ಎರಡಕ್ಕೆ ಕೈ ಹಾಕಿದೆ.